ಕೊಂಡದ್ದು ಯಂತ್ರ, ಜತೆಗೆ ಬಂದದ್ದು ತಂತ್ರಾಂಶ: ಹಣ ಹಿಂದಕ್ಕೆ ಸಿಕ್ಕೀತೇ?

ಗ್ರಾಹಕ ಮತ್ತು ಕಾನೂನು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜುಗಳು ಆರಂಭವಾಗುವ ಮಳೆಗಾಲದಲ್ಲೇ ಲ್ಯಾಪ್‌ಟಾಪ್ ಖರೀದಿಯೂ ಹೆಚ್ಚುವುದರಿಂದಲೋ ಏನೋ, ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿವೆ. ಹೊಸ ಕಂಪ್ಯೂಟರಿನೊಳಗೆ ಕಂಪನಿಯವರೇ ತುಂಬಿ ಕಳುಹಿಸುವ ತಂತ್ರಾಂಶವೇ ಆ ವಿಷಯ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ, ಅಂಗಡಿಗಳ ಮತ್ತು ತಯಾರಕರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ವಿರಾಜಪೇಟೆಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಎಂಜಿನಿಯರಿಂಗ್ ಸೇರಿದ ಮಗಳಿಗಾಗಿ ಮೈಸೂರಿನ ಅಂಗಡಿಯೊಂದರಲ್ಲಿ 54,000 ರೂಪಾಯಿಗೆ ಲ್ಯಾಪ್‌ಟಾಪ್ ಕೊಂಡೆವು. ಅವಳು ಬಳಸುವುದು ವಿಂಡೋಸ್‌ನ ಬದಲಿಗೆ ಉಚಿತವಾಗಿ ಸಿಗುವ ಉಬುಂಟು. ವಿಂಡೋಸ್ ಇಲ್ಲದೆ ಇದೇ ಮಾದರಿಯನ್ನು ಕೊಡಿ ಎಂದಾಗ, ಅದು ಹೀಗೆಯೇ ಬರುವುದು ಎಂದರು. ಮನೆಗೆ ಬಂದ ಮೇಲೆ ವಿಂಡೋಸ್‌ನ ಬೆಲೆಯನ್ನಾದರೂ ಹಿಂದಿರುಗಿಸಿ ಎಂದು ಕೇಳಿದರೆ ಅಂಗಡಿಯವರು ತಯಾರಕರನ್ನು ತೋರಿಸಿದರು, ತಯಾರಕರು ಅಂಗಡಿಯನ್ನು ತೋರಿಸಿದರು. ಕೊನೆಗೆ ಸಹಾಯವಾಣಿಯಲ್ಲಿದ್ದವರು ‘ಬೇಡವಾದರೆ ಇಡೀ ಯಂತ್ರವನ್ನೇ ಹಿಂದಿರುಗಿಸಿ’ ಎಂದುಬಿಟ್ಟರು. ಮಡಿಕೇರಿಯ ಗ್ರಾಹಕ ಆಯೋಗಕ್ಕೆ ಹೋಗಬಹುದೇ? ಗೆಲ್ಲುವ ಸಾಧ್ಯತೆ ಎಷ್ಟಿದೆ?

ಉತ್ತರ: ಹೋಗಬಹುದು. ಗೆಲ್ಲುವ ಸಾಧ್ಯತೆಯನ್ನು ಅಳೆಯುವ ಮೊದಲು ಒಂದು ವಿಷಯವನ್ನು ನೀವು ಮಗಳಿಂದ ಕೇಳಿ ತಿಳಿದುಕೊಳ್ಳಬೇಕು. ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ ದೇಶ, ಕೀಲಿಮಣೆ ಮುಂತಾದ ಪ್ರಶ್ನೆಗಳಾದ ಬಳಿಕ ಪರವಾನಗಿ ಒಪ್ಪಂದದ ಉದ್ದನೆಯ ಪುಟವೊಂದು ಬರುತ್ತದೆ. ಅದರ ಕೆಳಗಿನ ‘ಅಕ್ಸೆಪ್ಟ್’ ಗುಂಡಿಯನ್ನು ಒತ್ತಿದವರು ಯಾರು? ನಿಮ್ಮ ಮಗಳೇ ಒತ್ತಿ ನಾಲ್ಕು ದಿನ ವಿಂಡೋಸ್ ಬಳಸಿದ್ದರೆ ನಿಮ್ಮ ಪ್ರಕರಣ ಬಹಳ ಮಟ್ಟಿಗೆ ಅಲ್ಲಿಗೇ ಸೊರಗುತ್ತದೆ. ಗಿರಾಕಿಗೆ ಉಪಕಾರ ಮಾಡುತ್ತೇನೆಂದುಕೊಂಡು ಅಂಗಡಿಯ ಹುಡುಗನೇ ಪೆಟ್ಟಿಗೆ ಬಿಚ್ಚಿ, ನಿಮ್ಮ ಹೆಸರನ್ನಷ್ಟೇ ಕೇಳಿ, ಪಟಪಟನೆ ಒತ್ತಿ ಮುಗಿಸಿದ್ದರೆ (ನಮ್ಮ ಕಡೆ ನಡೆಯುವುದು ಹೆಚ್ಚಾಗಿ ಹೀಗೆಯೇ) ಆ ಸಮ್ಮತಿ ನಿಮ್ಮದಲ್ಲವೆಂದು ವಾದಿಸಲು ಅವಕಾಶವಿದೆ. ಯಾರೂ ಒತ್ತದೆ ನೇರವಾಗಿ ಉಬುಂಟು ಹಾಕಿದ್ದರೆ ನಿಮ್ಮ ನೆಲೆ ಗಟ್ಟಿಯಾಗಿದೆ.

ಆ ಪುಟಕ್ಕೆ ಇಷ್ಟು ತೂಕ ಏಕೆಂದರೆ, ನೀವು ಒಂದೇ ಬಿಲ್ಲಿನಲ್ಲಿ ಕೊಂಡಂತೆ ಕಂಡರೂ ಕಾನೂನಿನ ಕಣ್ಣಿಗೆ ಅಲ್ಲಿ ಎರಡು ವ್ಯವಹಾರಗಳಿವೆ ಎಂಬುದನ್ನು ತೋರಿಸಿಕೊಡುವುದು ಅದೇ. ಯಂತ್ರವನ್ನು ನೀವು ಅಂಗಡಿಯವರಿಂದ ಕೊಂಡಿರಿ. ತಂತ್ರಾಂಶವನ್ನು ಬಳಸುವ ಪರವಾನಗಿಯ ಕರಾರು ಬೇರೆಯೇ ಇದ್ದು, ಅದಕ್ಕೆ ನಿಮ್ಮ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಕೇಳಲಾಗುತ್ತದೆ. ಒಪ್ಪದಿದ್ದರೆ ಬಳಸಬೇಡಿ, ತಯಾರಕರನ್ನೋ ಮಾರಿದವರನ್ನೋ ಸಂಪರ್ಕಿಸಿ ಅವರ ನೀತಿಯ ಪ್ರಕಾರ ಹಣ ಹಿಂದಕ್ಕೆ ಪಡೆಯಿರಿ ಎಂದು ವಿಂಡೋಸ್‌ನ ಒಪ್ಪಂದದಲ್ಲೇ ಬರೆದಿದೆ. ಅದರ ಬೆನ್ನಿಗೇ, ಆ ನೀತಿಯ ಪ್ರಕಾರ ಇಡೀ ಸಾಧನವನ್ನೇ ಹಿಂದಿರುಗಿಸಬೇಕಾಗಬಹುದು ಎಂಬ ಮಾತೂ ಇದೆ. ಸಹಾಯವಾಣಿಯವರು ನಿಮಗೆ ಹೇಳಿದ್ದು ಈ ಎರಡನೆಯ ಮಾತನ್ನು.

ಇನ್ನು ನಮ್ಮ ಕಾನೂನಿಗೆ ಬರೋಣ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(41) ‘ನಿರ್ಬಂಧಾತ್ಮಕ ವ್ಯಾಪಾರ ಪದ್ಧತಿ’ ಎಂದರೇನೆಂದು ಹೇಳುತ್ತದೆ. ಒಂದು ವಸ್ತುವನ್ನು ಕೊಳ್ಳಬೇಕಾದರೆ ಮತ್ತೊಂದನ್ನೂ ಕೊಳ್ಳಲೇಬೇಕೆಂಬ ಪೂರ್ವಷರತ್ತನ್ನು ಗ್ರಾಹಕನ ಮೇಲೆ ಹೇರುವುದು ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ನಿಮ್ಮ ದೂರಿನ ಬೆನ್ನೆಲುಬು ಇದೇ ಆಗಬೇಕು. ಎದುರು ಪಕ್ಷದ ವಕೀಲರು ಹೇಳುವುದನ್ನು ಈಗಲೇ ಊಹಿಸಬಹುದು: ‘ಲ್ಯಾಪ್‌ಟಾಪ್ ಮತ್ತು ವಿಂಡೋಸ್ ಎರಡು ವಸ್ತುಗಳಲ್ಲ, ಒಂದೇ, ಜೀಪು ಕೊಂಡು ಟೈರು ಬೇಡ ಎನ್ನಲಾಗುತ್ತದೆಯೇ?’ ಇದಕ್ಕೆ ಉತ್ತರವಿದೆ. ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಣ ತೆರಿಗೆ ವ್ಯಾಜ್ಯದಲ್ಲಿ, ಸಿದ್ಧರೂಪದಲ್ಲಿ ಮಾರಾಟವಾಗುವ ತಂತ್ರಾಂಶವೂ ‘ಸರಕು’ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2004ರಲ್ಲೇ ಹೇಳಿದೆ. ಅದು ತೆರಿಗೆಯ ತೀರ್ಪಾದರೂ, ತಂತ್ರಾಂಶವನ್ನು ಯಂತ್ರದಿಂದ ಬಿಡಿಸಿ ನೋಡಬಹುದು ಎನ್ನಲು ಆಧಾರವಾಗುತ್ತದೆ. ಅದಲ್ಲದೆ, ವಿಂಡೋಸ್ ಬಿಡಿಯಾಗಿಯೂ ಮಾರಾಟವಾಗುತ್ತದೆ. ಅದಿಲ್ಲದ ಲ್ಯಾಪ್‌ಟಾಪುಗಳನ್ನೂ ಹಲವು ತಯಾರಕರು ‘ಡಾಸ್’ ಅಥವಾ ಲಿನಕ್ಸ್ (ಉಬುಂಟು ಇದರದೇ ಒಂದು ಬಗೆ) ಎಂದು ನಮೂದಿಸಿ ಮಾರುತ್ತಾರೆ. ಟೈರಿಲ್ಲದ ಜೀಪನ್ನು ಯಾವ ಶೋರೂಮೂ ಮಾರುವುದಿಲ್ಲ.

ಆದರೆ ಈ ಕೊನೆಯ ಮಾತು ಎರಡು ಅಲಗಿನ ಕತ್ತಿ. ವಿಂಡೋಸ್ ಇಲ್ಲದ ಯಂತ್ರಗಳು ಮಾರುಕಟ್ಟೆಯಲ್ಲಿ ಇದ್ದಾಗ ಅವನ್ನು ಬಿಟ್ಟು ಇದನ್ನೇ ಆರಿಸಿದ್ದು ನೀವಲ್ಲವೇ, ಇಲ್ಲಿ ಬಲವಂತ ಎಲ್ಲಿದೆ ಎಂದು ಆಯೋಗ ಕೇಳಿದರೆ, ‘ಇದೇ ಮಾದರಿ ವಿಂಡೋಸ್ ಇಲ್ಲದೆ ಬೇಕು ಎಂದು ಕೇಳಿದೆ, ಇಲ್ಲವೆಂದರು’ ಎಂಬುದನ್ನು ನೀವು ರುಜುವಾತು ಮಾಡಬೇಕು. ಅಂಗಡಿಯಲ್ಲಿ ನಿಂತು ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷ್ಯ ಸಿಗುವುದು ಕಷ್ಟ. ಆದ್ದರಿಂದ ಅಂಗಡಿಗೂ ತಯಾರಕರಿಗೂ ಈಗಲೇ ಇಮೇಲ್ ಬರೆದು, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಿ. ಯಾವ ದಿನ ಕೊಂಡಿರಿ, ಏನು ಕೇಳಿದಿರಿ, ಏನು ಉತ್ತರ ಬಂತು, ಪರವಾನಗಿಯನ್ನು ಒಪ್ಪಿಲ್ಲವೆಂಬುದು, ಎಷ್ಟು ಹಣ ಕೇಳುತ್ತಿದ್ದೀರಿ, ಇಷ್ಟೇ ಅದರಲ್ಲಿರಲಿ. ಅವರ ನಿರಾಕರಣೆ ಬರಹದಲ್ಲಿ ಬಂದರೆ ಅದೇ ನಿಮ್ಮ ಒಳ್ಳೆಯ ದಾಖಲೆ.

ಎಷ್ಟು ಹಣ ಕೇಳಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ವಿಂಡೋಸ್‌ನ ಬೆಲೆಯನ್ನು ಕೇಳಿದರೆ, ತಯಾರಕರು ಸಗಟಾಗಿ ಅದಕ್ಕಿಂತ ಎಷ್ಟೋ ಕಡಿಮೆಗೆ ಪಡೆಯುತ್ತಾರೆ ಎಂಬ ತಕರಾರು ಬರುತ್ತದೆ; ಆ ಸಗಟು ದರವನ್ನು ಅವರು ಹೇಳುವುದೂ ಇಲ್ಲ. ನಮ್ಮ ಕೊಡಗಿನವರಿಗೆ ಕಾಫಿ ಪುಡಿಯ ಪೊಟ್ಟಣವನ್ನು ನೆನಪಿಸಿದರೆ ಸಾಕು. ಚಿಕೋರಿ ಬೆರೆತ ಪುಡಿಯಾದರೆ ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಎಂದು ಪೊಟ್ಟಣದ ಮೇಲೆ ನಮೂದಿಸಲೇಬೇಕು. ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಬೇಡದವರು ಚಿಕೋರಿಯೇ ಇಲ್ಲದ್ದನ್ನು ಕೇಳಿ ಪಡೆಯುತ್ತಾರೆ. ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ ಒಂದೇ ಮೊತ್ತವಾಗಿ ಇರುತ್ತದೆಯೇ ಹೊರತು, ಅದರಲ್ಲಿ ಯಂತ್ರದ ಪಾಲೆಷ್ಟು, ತಂತ್ರಾಂಶದ ಪಾಲೆಷ್ಟು ಎಂಬ ಲೆಕ್ಕ ಇರುವುದಿಲ್ಲ. ಹೀಗಾಗಿ ಅದೇ ತಯಾರಕರು ಅದೇ ಪ್ರೊಸೆಸರ್, ಅದೇ ಮೆಮೊರಿ ಇರುವ ಮಾದರಿಯನ್ನು ಡಾಸ್ ಅಥವಾ ಲಿನಕ್ಸ್ ಸಹಿತ ಮಾರುತ್ತಿದ್ದರೆ, ಎರಡರ ಬೆಲೆ ಇರುವ ಪುಟಗಳನ್ನು ದಿನಾಂಕ ಕಾಣುವಂತೆ ಮುದ್ರಿಸಿಟ್ಟುಕೊಂಡು ಅವುಗಳ ವ್ಯತ್ಯಾಸವನ್ನೇ ಕೇಳಿ. ಅದಕ್ಕಿಂತ ನ್ಯಾಯವಾದ ಅಳತೆ ನನಗೆ ತೋಚುವುದಿಲ್ಲ.

ದೂರಿನ ಕ್ರಮ ಕಷ್ಟದ್ದಲ್ಲ. ಮೈಸೂರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು ಕಲಂ 34(2)(ಡಿ) ಹೇಳುತ್ತದೆ. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ‘ವ್ಯಾಜ್ಯಗಳು ಇಂಥ ಊರಿನ ನ್ಯಾಯಾಲಯಕ್ಕೆ ಮಾತ್ರ’ ಎಂದು ಅಚ್ಚಾಗಿದ್ದರೆ ಗಾಬರಿಯಾಗಬೇಡಿ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿರುವುದರಿಂದ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಗ್ರಾಹಕ ಆಯೋಗಗಳ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಕಾರಣ ಕೊಟ್ಟು ಅರ್ಜಿ ಹಾಕಿಕೊಂಡರೆ ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ. ವಕೀಲರು ಕಡ್ಡಾಯವಲ್ಲ (ಇದನ್ನು ವಕೀಲನೇ ಬರೆಯುತ್ತಿದ್ದೇನೆ ಎಂಬುದನ್ನು ಗಮನಿಸಿ). ಎದುರು ಪಕ್ಷದವರು 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ ಉತ್ತರ ಸಲ್ಲಿಸಬೇಕು. ಆ 45 ದಿನಗಳನ್ನು ಮೀರಿ ಅವಕಾಶ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

‘ಇಡೀ ಯಂತ್ರವನ್ನೇ ಹಿಂದಿರುಗಿಸಿ’ ಎಂಬ ಷರತ್ತು ಕಲಂ 2(46)ರ ‘ಅನ್ಯಾಯದ ಕರಾರು’ ಎಂದೂ ವಾದಿಸಬಹುದಿತ್ತು. ಆದರೆ ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗ ವಿಚಾರಿಸುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ನಾಲ್ಕೈದು ಸಾವಿರ ರೂಪಾಯಿಗಾಗಿ ಬೆಂಗಳೂರಿಗೆ ಅಲೆದರೆ ಮೂಗಿಗಿಂತ ಮೂಗುತಿ ಭಾರವಾದೀತು. ಆದ್ದರಿಂದ ಆ ಪದವನ್ನು ದೂರಿನಲ್ಲಿ ಬಳಸದೆ, ನಿರ್ಬಂಧಾತ್ಮಕ ವ್ಯಾಪಾರ ಪದ್ಧತಿ ಎಂಬ ನೆಲೆಯಲ್ಲೇ ನಿಲ್ಲಿ. ಬಳಸಿದರೆ ಅಧಿಕಾರ ವ್ಯಾಪ್ತಿ ಇಲ್ಲವೆಂಬ ತಕರಾರನ್ನು ನೀವೇ ಎದುರಿನವರ ಕೈಗೆ ಕೊಟ್ಟಂತೆ.

ಕಾನೂನಿಗೆ ಸೇರದ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ವಿಂಡೋಸ್ ಒಮ್ಮೆ ಚಾಲೂ ಆಗಿರುವ ಈಗಿನ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುವುದುಂಟು. ಎರಡು ವರ್ಷಗಳ ಹಿಂದೆ ನನ್ನ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿಸಲು ಹೊರಟು ಒಳಗಿನ ಸೆಟ್ಟಿಂಗ್ ಬದಲಿಸಿದ ಮೇಲೆ, ನೀಲಿ ಪರದೆಯೊಂದು ಎದ್ದು ಆ ಬೀಗ ತೆಗೆಯುವ 48 ಅಂಕಿಗಳ ರಿಕವರಿ ಕೀ ಕೇಳಿತು. ಅದು ಯಾವ ಖಾತೆಯಲ್ಲಿದೆಯೆಂದು ನೆನಪಾಗಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಮರುದಿನ ಸಲ್ಲಿಸಬೇಕಾಗಿದ್ದ ವಾದಪತ್ರ ಅದರೊಳಗೇ ಇತ್ತು. ತಪ್ಪು ನನ್ನದೇ. ನಿಮ್ಮ ಮಗಳು ಆ ಅಂಕಿಗಳನ್ನು ಮೊದಲು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ: ಇಟಲಿಯಲ್ಲಿ ಒಬ್ಬರಿಗೆ ವಿಂಡೋಸ್ ಬೇಡವೆಂದಿದ್ದಕ್ಕೆ 20,000 ಯೂರೊ ಸಿಕ್ಕಿತೆಂದು ಕೇಳಿದೆ. ನಿಜವೇ? ಹಾಗಿದ್ದರೆ ಯುರೋಪಿನಲ್ಲಿ ಎಲ್ಲರೂ ಹಾಗೆ ಪಡೆಯಬಹುದೇ, ಮತ್ತು ಆ ತೀರ್ಪುಗಳಿಗೆ ಇಲ್ಲಿ ಬೆಲೆಯಿದೆಯೇ? (ನಿವೃತ್ತ ಬ್ಯಾಂಕ್ ನೌಕರರು, ಕುಶಾಲನಗರ)

ಉತ್ತರ: ನಿಜ, ಆದರೆ ಆ 20,000 ಯೂರೊ ವಿಂಡೋಸ್‌ನ ಬೆಲೆಯಲ್ಲ. 2018ರಲ್ಲಿ ಲೆನೊವೊ ಲ್ಯಾಪ್‌ಟಾಪ್ ಕೊಂಡ ಗ್ರಾಹಕರೊಬ್ಬರು ಪರವಾನಗಿಯನ್ನು ಒಪ್ಪದೆ ಹಣ ಕೇಳಿದರು. ಅವರಿಗೆ ಸಿಗಬೇಕೆಂದು ತೀರ್ಮಾನವಾದದ್ದು 42 ಯೂರೊ. ಅಷ್ಟನ್ನು ಕೊಟ್ಟು ಮುಗಿಸುವ ಬದಲು ಕಂಪನಿ ಮೇಲ್ಮನವಿ ಹೂಡಿತು. 2020ರಲ್ಲಿ ಮೊಂಜಾ ನಗರದ ನ್ಯಾಯಾಲಯ ಆ ಮೇಲ್ಮನವಿಯನ್ನು ತಳ್ಳಿಹಾಕಿದ್ದಲ್ಲದೆ, ಸಣ್ಣ ಮೊತ್ತದ ವ್ಯಾಜ್ಯದಲ್ಲಿ ಗ್ರಾಹಕನನ್ನು ಸತಾಯಿಸುವಂತೆ ನ್ಯಾಯಾಂಗದ ಪ್ರಕ್ರಿಯೆಯನ್ನು ಬಳಸಿಕೊಂಡದ್ದಕ್ಕಾಗಿ 20,000 ಯೂರೊ ಪರಿಹಾರ ಕೊಡಿಸಿತು. ದೊಡ್ಡ ಮೊತ್ತ ಬಂದದ್ದು ಎದುರು ಪಕ್ಷದ ಹಟದಿಂದ.

ಇಟಲಿಯಲ್ಲಿ ಇದಕ್ಕೆ ಮೊದಲೇ ಗಟ್ಟಿಯಾದ ತಳಹದಿ ಬಿದ್ದಿತ್ತು. 2005ರಲ್ಲಿ ಕೊಂಡ ಎಚ್‌ಪಿ ಲ್ಯಾಪ್‌ಟಾಪಿನ ಬಗ್ಗೆ ಫ್ಲಾರೆನ್ಸ್‌ನಲ್ಲಿ ಆರಂಭವಾದ ವ್ಯಾಜ್ಯ 2014ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯದಲ್ಲಿ ಮುಗಿಯಿತು. ಯಂತ್ರವನ್ನು ಉಳಿಸಿಕೊಂಡು ತಂತ್ರಾಂಶವನ್ನು ಮಾತ್ರ ನಿರಾಕರಿಸುವ ಹಕ್ಕು ಗ್ರಾಹಕನಿಗಿದೆ, ಅವೆರಡನ್ನೂ ಬೇರ್ಪಡಿಸಲಾಗದಂಥ ತಾಂತ್ರಿಕ ಅಡ್ಡಿ ಏನೂ ಇಲ್ಲ ಎಂದು ಆ ನ್ಯಾಯಾಲಯ ಹೇಳಿತು. ಮೊತ್ತ 140 ಯೂರೊ, ಕಾಯ್ದದ್ದು ಒಂಬತ್ತು ವರ್ಷ.

ಫ್ರಾನ್ಸ್‌ನ ಕಥೆ ಬೇರೆಯಾಯಿತು. 2008ರ ಡಿಸೆಂಬರಿನಲ್ಲಿ ವಿಂಡೋಸ್ ವಿಸ್ಟಾ ಇದ್ದ ಸೋನಿ ಲ್ಯಾಪ್‌ಟಾಪ್ ಕೊಂಡವರು ಪರವಾನಗಿಗೆ ಸಹಿ ಹಾಕಲು ನಿರಾಕರಿಸಿ ತಂತ್ರಾಂಶಗಳ ಬಾಬ್ತು 450 ಯೂರೊ, ಪರಿಹಾರವಾಗಿ 2,500 ಯೂರೊ ಕೇಳಿದರು. ಯಂತ್ರ ಹಿಂದಿರುಗಿಸಿದರೆ ಪೂರ್ತಿ ಬೆಲೆ ಕೊಡುತ್ತೇವೆ ಎಂದು ಸೋನಿ ಹೇಳಿತ್ತು; ಅವರು ಒಪ್ಪಲಿಲ್ಲ. ವ್ಯಾಜ್ಯ ಅಲ್ಲಿನ ನ್ಯಾಯಾಲಯಗಳನ್ನು ಏರಿ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. 2016ರ ಸೆಪ್ಟೆಂಬರ್ 7ರಂದು ಅದು ಕೊಟ್ಟ ತೀರ್ಪಿನ ಸಾರ ಇಷ್ಟು: ತಂತ್ರಾಂಶ ತುಂಬಿದ ಕಂಪ್ಯೂಟರನ್ನು ಮಾರುವುದು ತನ್ನಷ್ಟಕ್ಕೇ ಅನ್ಯಾಯದ ವ್ಯಾಪಾರವಲ್ಲ, ಬಹುಪಾಲು ಗ್ರಾಹಕರು ಕೊಂಡ ಕೂಡಲೇ ಬಳಸಬಹುದಾದ ಯಂತ್ರವನ್ನೇ ನಿರೀಕ್ಷಿಸುತ್ತಾರೆಯೇ, ಕೊಳ್ಳುವ ಮೊದಲೇ ಗ್ರಾಹಕನಿಗೆ ವಿಷಯ ತಿಳಿಸಲಾಗಿತ್ತೇ ಎಂಬುದನ್ನೆಲ್ಲ ನೋಡಬೇಕು, ಪ್ರತಿಯೊಂದು ತಂತ್ರಾಂಶದ ಬೆಲೆಯನ್ನು ಬಿಡಿಸಿ ಹೇಳದಿರುವುದು ದಾರಿತಪ್ಪಿಸುವ ಲೋಪವಾಗುವುದಿಲ್ಲ. ಮೇಲೆ ಹೇಳಿದ ಚಿಕೋರಿಯ ಪಾಲಿನ ಪ್ರಶ್ನೆಯನ್ನು ಆ ನ್ಯಾಯಾಲಯ ಹೀಗೆ ಬದಿಗಿಟ್ಟಿತು. ಅದು ಸರಿಯಾದ ತೀರ್ಮಾನವೆಂದು ನನಗೆ ಅನಿಸುವುದಿಲ್ಲ. ಬಿಡಿ ಬೆಲೆ ತಿಳಿಯದವನು ‘ಇಷ್ಟು ಕೊಟ್ಟು ಇದು ನನಗೆ ಬೇಕೇ’ ಎಂದು ಯೋಚಿಸುವುದಾದರೂ ಹೇಗೆ?

ಇವೆಲ್ಲಕ್ಕೂ ಮೊದಲಿನದು ಅಮೆರಿಕದ ಒಂದು ಪ್ರಸಂಗ. ಒಪ್ಪದಿದ್ದರೆ ಬಳಸದ ತಂತ್ರಾಂಶವನ್ನು ಹಿಂದಿರುಗಿಸಿ ತಯಾರಕರಿಂದ ಹಣ ಪಡೆಯಬಹುದೆಂದು ಅಂದಿನ ವಿಂಡೋಸ್ ಒಪ್ಪಂದ ನೇರವಾಗಿ ಹೇಳುತ್ತಿತ್ತು. ಆಸ್ಟ್ರೇಲಿಯದ ಒಬ್ಬರು ಆ ಸಾಲನ್ನೇ ಹಿಡಿದು ತೋಷಿಬಾದಿಂದ 110 ಆಸ್ಟ್ರೇಲಿಯನ್ ಡಾಲರ್ ಪಡೆದರು. ಆ ಸುದ್ದಿ ಹಬ್ಬಿ, 1999ರ ಫೆಬ್ರುವರಿ 15ರಂದು ಕ್ಯಾಲಿಫೋರ್ನಿಯದಲ್ಲಿ ಲಿನಕ್ಸ್ ಬಳಕೆದಾರರು ತಮ್ಮ ಬಳಸದ ಪರವಾನಗಿಗಳನ್ನು ಹಿಡಿದು ಮೈಕ್ರೋಸಾಫ್ಟ್‌ನ ಕಚೇರಿಯ ಮುಂದೆ ನಿಂತರು. ತಯಾರಕರನ್ನು ಕೇಳಿ ಎಂಬ ಉತ್ತರದೊಂದಿಗೆ ಮರಳಿದರು. ವಿರಾಜಪೇಟೆಯ ಶಿಕ್ಷಕಿಯವರಿಗೆ ಸಿಕ್ಕ ಉತ್ತರಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಪ್ಪಂದದ ಆ ನೇರವಾದ ಸಾಲು ಮಾತ್ರ ನಂತರದ ಆವೃತ್ತಿಗಳಲ್ಲಿ ‘ತಯಾರಕರ ನೀತಿಯ ಪ್ರಕಾರ’ ಎಂದು ಮೆತ್ತಗಾಯಿತು.

ವಿದೇಶಿ ತೀರ್ಪುಗಳು ನಮ್ಮ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ. ಒಪ್ಪಬಹುದಾದ ತರ್ಕವೆಂದು ಮುಂದಿಡಬಹುದು, ಅಷ್ಟೆ. ಫ್ರಾನ್ಸ್‌ನ ಗ್ರಾಹಕ ಸೋತದ್ದಕ್ಕೆ ಒಂದು ಕಾರಣ, ಜೋಡಿ ಮಾರಾಟವನ್ನು (ಒಂದರ ಜತೆ ಇನ್ನೊಂದನ್ನು ಸೇರಿಸಿ ಮಾರುವುದನ್ನು) ಸಾರಾಸಗಟಾಗಿ ನಿಷೇಧಿಸಲು ಸದಸ್ಯ ರಾಷ್ಟ್ರಗಳಿಗೆ ಐರೋಪ್ಯ ಒಕ್ಕೂಟದ ನಿರ್ದೇಶನ ಅವಕಾಶ ಕೊಡದಿರುವುದು. ನಮ್ಮಲ್ಲಿ ಅಂಥ ಅಡ್ಡಿಯಿಲ್ಲ, ಬದಲಿಗೆ ಕಲಂ 2(41) ಇದೆ. ಆದ್ದರಿಂದ ಇಟಲಿಯ ದಾರಿ ನಮಗೆ ಹತ್ತಿರದ್ದು ಎಂಬುದು ನನ್ನ ಅಭಿಪ್ರಾಯ.

ಇಡೀ ಮಾರುಕಟ್ಟೆಗೆ ಸಂಬಂಧಿಸಿದ ಜೋಡಿ ಮಾರಾಟದ ದೂರಾದರೆ ಅದು ಸ್ಪರ್ಧಾ ಆಯೋಗದ ಕೆಲಸ. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪ್‌ಗಳನ್ನು ಒಟ್ಟಾಗಿ ತುಂಬಿಸುವಂತೆ ತಯಾರಕರ ಮೇಲೆ ಷರತ್ತು ಹಾಕಿದ್ದಕ್ಕಾಗಿ ಗೂಗಲ್‌ಗೆ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ಕೆಲವು ನಿರ್ದೇಶನಗಳನ್ನು ರದ್ದುಪಡಿಸಿತು. ಅಂಥ ಪ್ರಕರಣದಲ್ಲಿ ವ್ಯವಸ್ಥೆ ಬದಲಾಗಬಹುದೇ ಹೊರತು ಒಬ್ಬ ಗ್ರಾಹಕನ ಕೈಗೆ ಹಣ ಬರುವುದಿಲ್ಲ.

ಪ್ರಶ್ನೆ: ಸುಂಟಿಕೊಪ್ಪದ ಬಳಿ ಏಳು ಎಕರೆ ಕಾಫಿ ತೋಟವಿದೆ. ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ), ವಾರದ ಬಟವಾಡೆ, ಮೆಣಸಿನ ಲೆಕ್ಕ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಇಡುತ್ತೇನೆ. ಕೊಳ್ಳುವಾಗ ‘ಆಫೀಸ್ ಮತ್ತು ಆಂಟಿವೈರಸ್ ಉಚಿತ’ ಎಂದಿದ್ದರು. ಸರಿಯಾಗಿ ಒಂದು ವರ್ಷಕ್ಕೆ, ಅದೂ ಹಣ್ಣು ಕುಯ್ಯುವ ಕಾಲದಲ್ಲಿ, ಆಫೀಸ್ ತಂತ್ರಾಂಶ ಲಾಕ್ ಆಗಿ ಫೈಲುಗಳು ತೆರೆದರೂ ತಿದ್ದಲು ಬಾರದಂತಾದವು. ಆಂಟಿವೈರಸ್ ದಿನಕ್ಕೆ ಹತ್ತು ಸಲ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಎಚ್ಚರಿಸುತ್ತಿದೆ. ತೋಟದ ಕೆಲಸಕ್ಕೆ ಕೊಂಡಿದ್ದರಿಂದ ನಾನು ಗ್ರಾಹಕನೇ ಅಲ್ಲ ಎಂದು ಅಂಗಡಿಯವರು ಹೇಳುತ್ತಾರೆ.

ಉತ್ತರ: ಅಂಗಡಿಯವರ ಕೊನೆಯ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ಅದು ಅರ್ಧ ನಿಜ. ‘ವಾಣಿಜ್ಯ ಉದ್ದೇಶ’ಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಲಂ 2(7) ಹೇಳುತ್ತದೆ. ಕಂಪನಿಯೊಂದು ತನ್ನ ವ್ಯವಹಾರವನ್ನು ಸ್ವಯಂಚಾಲಿತಗೊಳಿಸಲು ಕೊಂಡ ತಂತ್ರಾಂಶ ಲಾಭ ಗಳಿಕೆಗೆ ಹೆಣೆದುಕೊಂಡಿರುವುದರಿಂದ ಅದು ವಾಣಿಜ್ಯ ಉದ್ದೇಶದ್ದೇ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ, ಪಾಲಿ ಮೆಡಿಕ್ಯೂರ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ಕಲಮಿನ ವಿವರಣೆಯಲ್ಲಿ, ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲಿಕ್ಕಷ್ಟೇ ಕೊಂಡದ್ದು ವಾಣಿಜ್ಯ ಉದ್ದೇಶವಾಗುವುದಿಲ್ಲ ಎಂದೂ ಇದೆ. ಬೀಜ ಕೊಂಡ ರೈತರು ಗ್ರಾಹಕರೇ ಎಂದು 2012ರಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ನೂರಾರು ಎಕರೆಯ ಎಸ್ಟೇಟ್ ಕಂಪನಿಯ ಹೆಸರಿನಲ್ಲಿ ಕೊಂಡಿದ್ದರೆ ನಾನು ನಿಮಗೆ ಧೈರ್ಯ ಹೇಳುತ್ತಿರಲಿಲ್ಲ. ಏಳು ಎಕರೆಯ ಬೆಳೆಗಾರರು ತಮ್ಮ ಹೆಸರಿನಲ್ಲಿ ಕೊಂಡು, ತಾವೇ ಕುಳಿತು ಬಟವಾಡೆ ಲೆಕ್ಕ ಬರೆಯುವ ಯಂತ್ರದ ಬಗ್ಗೆ ದೂರು ಕೊಡಬಹುದು. ಬಿಲ್ಲಿನಲ್ಲಿ ತೋಟದ ಜಿಎಸ್‌ಟಿ ಸಂಖ್ಯೆ ಹಾಕಿಸಿಕೊಂಡಿದ್ದೀರಾ, ನೋಡಿ; ಹಾಕಿಸಿದ್ದರೆ ಎದುರಿನವರು ಮೊದಲು ಅದನ್ನೇ ಎತ್ತುತ್ತಾರೆ.

ಆಫೀಸ್ ವಿಷಯದಲ್ಲಿ ನಿಮ್ಮ ಅಹವಾಲು ಜೋಡಿ ಮಾರಾಟದ್ದಲ್ಲ, ತಪ್ಪು ಮಾಹಿತಿಯದ್ದು. ಒಂದು ವರ್ಷದ ಚಂದಾ ಮುಗಿದ ಮೇಲೆ ಕಡತಗಳನ್ನು ನೋಡಬಹುದು, ಮುದ್ರಿಸಬಹುದು, ತಿದ್ದಲಾಗದು ಎಂಬುದು ಆ ತಂತ್ರಾಂಶದ ಕ್ರಮವೇ ಹೊರತು ದೋಷವಲ್ಲ. ಅವಧಿಯನ್ನು ಮುಚ್ಚಿಟ್ಟು ‘ಉಚಿತ’ ಎಂದಷ್ಟೇ ಹೇಳಿದ್ದರೆ ಅದು ಕಲಂ 2(47)ರ ಅನುಚಿತ ವ್ಯಾಪಾರ ಪದ್ಧತಿ. ಅಂಗಡಿಯ ಫಲಕ, ಪತ್ರಿಕೆಯ ಜಾಹೀರಾತು, ವಾಟ್ಸ್ಆ್ಯಪ್‌ನಲ್ಲಿ ಬಂದ ಕೊಟೇಶನ್ ಇವುಗಳಲ್ಲಿ ಯಾವುದಾದರೂ ನಿಮ್ಮ ಬಳಿ ಇದೆಯೇ? ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ ‘12 ತಿಂಗಳು’ ಎಂದಿದ್ದರೆ ತಯಾರಕರು ಪಾರಾಗುತ್ತಾರೆ, ಅಂಗಡಿಯವರು ಸಿಕ್ಕಿಬೀಳುತ್ತಾರೆ. ಅಷ್ಟರಲ್ಲಿ ಬಟವಾಡೆ ನಿಲ್ಲುವಂತಿಲ್ಲ. ಅವೇ ಫೈಲುಗಳನ್ನು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ತಿದ್ದಬಹುದು.

ಆಂಟಿವೈರಸ್‌ನ ಕಾಟಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಗಳನ್ನು ಓದಿಕೊಳ್ಳಿ. ಅದರಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದ್ದು, ಪದೇ ಪದೇ ಅಡ್ಡಬಂದು ಪೀಡಿಸುವುದು ಒಂದು, ಬಿಡಿಸಿಕೊಳ್ಳಲಾಗದ ಚಂದಾ ಬಲೆ ಇನ್ನೊಂದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಪರದೆಯ ಚಿತ್ರಗಳನ್ನು ಇಟ್ಟುಕೊಳ್ಳಿ. ಅದನ್ನು ತೆಗೆದುಹಾಕಲು ಹೆದರಬೇಕಿಲ್ಲ, ವಿಂಡೋಸ್‌ನಲ್ಲೇ ಇರುವ ರಕ್ಷಣೆ ತಾನಾಗಿ ಕೆಲಸಕ್ಕೆ ಬರುತ್ತದೆ.

ತುಂಬಿಸಿ ಕಳುಹಿಸುವ ತಂತ್ರಾಂಶ ಬರೀ ಕಿರಿಕಿರಿಯಲ್ಲಿ ನಿಲ್ಲುತ್ತದೆ ಎಂದುಕೊಳ್ಳಬಾರದು. ಅಮೆರಿಕದಲ್ಲಿ 2014ರಿಂದ ಕೆಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಬಂದ ‘ಸೂಪರ್‌ಫಿಶ್’ ಕಂಪನಿಯ ತಂತ್ರಾಂಶ ಜಾಹೀರಾತು ತೋರಿಸುವ ಸಲುವಾಗಿ, ಬ್ಯಾಂಕಿನಂಥ ಸುರಕ್ಷಿತ ಜಾಲತಾಣಗಳ ಸಂಪರ್ಕದ ನಡುವೆಯೂ ನುಸುಳುತ್ತಿತ್ತು. 2017ರಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ಮತ್ತು 32 ರಾಜ್ಯಗಳೊಂದಿಗೆ ಕಂಪನಿ ರಾಜಿ ಮಾಡಿಕೊಂಡು, ರಾಜ್ಯಗಳಿಗೆ 35 ಲಕ್ಷ ಡಾಲರ್ ಕೊಟ್ಟಿತು. ಅಂಥ ತಂತ್ರಾಂಶಕ್ಕೆ ಇನ್ನು ಮುಂದೆ ಬಳಕೆದಾರರ ಸ್ಪಷ್ಟ ಒಪ್ಪಿಗೆ ಪಡೆಯಬೇಕಾಯಿತು.

ಪ್ರಶ್ನೆ: ನಾಪೋಕ್ಲು ಕಡೆಯವರು ನಾವು. ಜುಲೈ ಮಳೆಯಲ್ಲಿ ಮೂರು ದಿನ ಕರೆಂಟಿಲ್ಲ, ಟವರ್ ಇಲ್ಲ. ಹೊಸ ಲ್ಯಾಪ್‌ಟಾಪ್ ಇಂಟರ್‌ನೆಟ್ ಇಲ್ಲದೆ ಮುಂದಕ್ಕೇ ಹೋಗಲಿಲ್ಲ. ಇದನ್ನು ದೋಷವೆಂದು ದೂರಬಹುದೇ?

ಉತ್ತರ: ದೋಷವೆನ್ನಲಾಗದು. ವಿಂಡೋಸ್ 11 ಹೋಮ್ ಆವೃತ್ತಿಯನ್ನು ಮೊದಲ ಬಾರಿ ಸಿದ್ಧಪಡಿಸಲು ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಬೇಕೆಂಬುದು ಅದರ ಘೋಷಿತ ಷರತ್ತು. ಕೊಳ್ಳುವಾಗ ಅದನ್ನು ನಿಮಗೆ ತಿಳಿಸದಿದ್ದರೆ ಕಲಂ 2(9)ರ ಮಾಹಿತಿಯ ಹಕ್ಕಿನ ಮಾತೆತ್ತಬಹುದು, ಆದರೆ ಮೂರು ದಿನದ ತೊಂದರೆಗೆ ದೊಡ್ಡ ಪರಿಹಾರವನ್ನೇನೂ ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ಪರವಾನಗಿಯ ಪುಟ ಕಾಣಿಸಿಕೊಳ್ಳುವುದೇ ಇಂಟರ್‌ನೆಟ್ ಜೋಡಿಸಿದ ಬಳಿಕ. ಒಪ್ಪುವ ಅಥವಾ ನಿರಾಕರಿಸುವ ಮೊದಲೇ ಯಂತ್ರ ಹೊರಗಿನೊಂದಿಗೆ ಮಾತಾಡಿಯಾಗಿರುತ್ತದೆ ಎಂಬುದು ನನಗೆ ಸರಿಕಾಣದ ಸಂಗತಿ. ಮುಂದಿನ ಸಲ ಅಂಗಡಿಯಲ್ಲೇ, ನಿಮ್ಮ ಕೈಯಿಂದಲೇ ಆ ಕೆಲಸ ಮುಗಿಸಿಕೊಂಡು ಬನ್ನಿ.

ಪ್ರಶ್ನೆ: ಗೋಣಿಕೊಪ್ಪಲಿನ ಅಂಗಡಿಯೊಂದರಲ್ಲಿ ಆಂಟಿವೈರಸ್‌ಗೆಂದು 1,200 ರೂಪಾಯಿ ಬೇರೆಯೇ ಹಾಕಿದರು. ಬೇಡವೆಂದೆ. ‘ಅದಿಲ್ಲದೆ ಲ್ಯಾಪ್‌ಟಾಪ್ ಕೊಡುವುದಿಲ್ಲ, ಎಲ್ಲರಿಗೂ ಹೀಗೆಯೇ’ ಎಂದು ವಾಟ್ಸ್ಆ್ಯಪ್‌ನಲ್ಲೇ ಬರೆದಿದ್ದಾರೆ. ಏನು ಮಾಡಲಿ? (ಪದವಿ ವಿದ್ಯಾರ್ಥಿ, ಪೊನ್ನಂಪೇಟೆ)

ಉತ್ತರ: ಇಂದಿನ ಐದು ಪತ್ರಗಳಲ್ಲಿ ಅತ್ಯಂತ ಸಣ್ಣ ಮೊತ್ತ ನಿಮ್ಮದು, ಅತ್ಯಂತ ಗಟ್ಟಿ ಪ್ರಕರಣವೂ ನಿಮ್ಮದೇ. ಬಿಲ್ಲಿನಲ್ಲಿ ಎರಡು ಸಾಲು, ಎರಡು ಬೆಲೆ, ಒಂದಿಲ್ಲದೆ ಇನ್ನೊಂದಿಲ್ಲವೆಂಬ ಲಿಖಿತ ಷರತ್ತು: ಕಲಂ 2(41)ರಲ್ಲಿ ಹೇಳಿರುವುದು ಅಕ್ಷರಶಃ ಇದನ್ನೇ. ವಿರಾಜಪೇಟೆಯ ಶಿಕ್ಷಕಿಯವರು ಕಷ್ಟಪಟ್ಟು ಸಾಬೀತು ಮಾಡಬೇಕಾದುದನ್ನು ನಿಮಗೆ ಅಂಗಡಿಯವರೇ ಬರೆದುಕೊಟ್ಟಿದ್ದಾರೆ. ಆ ಸಂದೇಶವನ್ನು ಅಳಿಸಬೇಡಿ, ಫೋನನ್ನೂ ಬದಲಿಸಬೇಡಿ. ಮುದ್ರಿತ ಪ್ರತಿಯೊಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಪ್ರಮಾಣಪತ್ರ ಲಗತ್ತಿಸಿದರೆ ತಕರಾರಿಗೆ ಎಡೆಯಿರುವುದಿಲ್ಲ. ಆಂಟಿವೈರಸ್‌ನ ಪೊಟ್ಟಣ ಒಡೆಯದೆ, ಕೀ ಸಂಖ್ಯೆಯನ್ನು ಕೆರೆಯದೆ ಹಾಗೆಯೇ ಇಡಿ. ಮೊದಲು 1915ಕ್ಕೆ ದೂರು ಕೊಡಿ. ಇಂಥ ಮೊತ್ತಗಳು ಎಷ್ಟೋ ಸಲ ಅಲ್ಲಿಯೇ ಇತ್ಯರ್ಥವಾಗುತ್ತವೆ. ಅಂಗಡಿಯವರು 1,200 ರೂಪಾಯಿಯ ಬದಲು ಪೆನ್‌ಡ್ರೈವ್ ಅಥವಾ ಬ್ಯಾಗು ಕೊಡುತ್ತೇವೆಂದರೆ, ಪೊಟ್ಟಣವನ್ನು ಅವರ ಮೇಜಿನ ಮೇಲಿಟ್ಟು ಹಣವನ್ನೇ ಕೇಳಿ, ಹಿಂದಿರುಗಿಸಿದ್ದಕ್ಕೆ ರಸೀದಿಯನ್ನೂ ಪಡೆಯಿರಿ.